ಕೂಗಳತೆ ದೂರ

ಹೊಳೆಯ ಈಚೆ ದಡದಲ್ಲಿ ಒಂದು ಮಠವಿತ್ತು. ಮಠ ಎಂದರೆ ಆನೆ, ಪಲ್ಲಕ್ಕಿ ಇರುವಂಥದ್ದಲ್ಲ. ಒಂದು ಗದ್ದುಗೆ, ಒಂದು ಜಗಲಿ, ಮಳೆ ಬಂದರೆ ಸೋರುವ ಒಂದು ಅಡುಗೆಮನೆ. ಗುರುಸಿದ್ಧಯ್ಯನವರು ಅಲ್ಲಿ ಒಬ್ಬರೇ ಇದ್ದರು. ಊರಿನವರು ಅವರನ್ನು ಬುದ್ಧಿ ಎಂದು ಕರೆಯುತ್ತಿದ್ದರು.

ಬುದ್ಧಿ ಹೆಚ್ಚು ಮಾತಾಡುವವರಲ್ಲ. ಪ್ರಶ್ನೆ ಕೇಳಿದವರಿಗೆ ಏನಾದರೂ ಕೆಲಸ ಹೇಳಿ ಕಳಿಸಿಬಿಡುತ್ತಿದ್ದರು. ಹೀಗಾಗಿ ಪ್ರಶ್ನೆ ಕೇಳುವವರೂ ಕಡಿಮೆಯಾಗಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರದು ಹಟ. ಹೊತ್ತು ಮುಳುಗುವಾಗ ಗದ್ದುಗೆಯ ಮುಂದೆ ದೀಪ ಹಚ್ಚಬೇಕು, ಅದನ್ನು ತಾವೇ ಹಚ್ಚಬೇಕು. ಆ ಹೊತ್ತಿನಲ್ಲಿ ಅವರನ್ನು ಮಠದ ಹೊರಗೆ ಕಂಡವರಿಲ್ಲ.

ಒಮ್ಮೆ ಪಟೇಲರ ತಾಯಿ, ಸಾಯುವ ಮುಂಚೆ ಬುದ್ಧಿಯವರ ಕೈಯಿಂದ ವಿಭೂತಿ ಬೇಕು ಎಂದಳಂತೆ. ಕರೆಯಲು ಆಳು ಓಡಿ ಬಂದಾಗ ಸಂಜೆಯಾಗುತ್ತಿತ್ತು. ಬುದ್ಧಿ ಕಾದು, ದೀಪ ಹಚ್ಚಿ, ಆಮೇಲೆ ಹೊರಟರು. ಹೋಗುವಷ್ಟರಲ್ಲಿ ಮುದುಕಿಯ ಬಾಯಿಗೆ ಅಕ್ಕಿಕಾಳು ಹಾಕಿ ಆಗಿತ್ತು. ಪಟೇಲರು ಮತ್ತೆ ಮಠದ ಕಡೆ ತಲೆ ಹಾಕಲಿಲ್ಲ.

ಇಂಥವರ ಹತ್ತಿರ ಬದುಕಿಡೀ ಬಿಡದೆ ಬಂದವನು ಒಬ್ಬನೇ. ಅವನು ಜೇನಿನ ಮುದ್ದಯ್ಯ.

ಮೊದಲ ಸಲ ಬಂದಾಗ ಮುದ್ದಯ್ಯನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೊಂಗೆಮರದ ಪೊಟರೆಯಿಂದ ತುಡುವೆ ಜೇನನ್ನು ಬಿಡಿಸಿ ಮರದ ಪೆಟ್ಟಿಗೆಗೆ ಕೂರಿಸುವುದನ್ನು ಹೊಸದಾಗಿ ಕಲಿತಿದ್ದ. ಊರಿನಲ್ಲಿ ಬೇರೆ ಯಾರಿಗೂ ಬಾರದ ವಿದ್ಯೆ, ಹಾಗಾಗಿ ಸ್ವಲ್ಪ ಜಂಬವೂ ಇತ್ತು.

ಆ ದಿನ ಅವನ ಮುಖ ಸಪ್ಪಗಿತ್ತು. ಪೆಟ್ಟಿಗೆಯನ್ನು ಹೊಳೆದಂಡೆಯ ಮನೆಯ ಹಿತ್ತಿಲಲ್ಲಿ, ಒಂದು ಚಪ್ಪಡಿ ಕಲ್ಲಿನ ಮೇಲೆ ಇಟ್ಟಿದ್ದನಂತೆ. ಬಿಸಿಲಿಗೆ ಹುಳಗಳು ಬೇಯುತ್ತವೆ ಎಂದು ಮರುಕ ಬಂದು, ಮಧ್ಯಾಹ್ನ ಅದನ್ನು ಎತ್ತಿ ಹೊಲದ ಆಚೆ ಬದುವಿನ ಹುಣಸೆ ನೆರಳಿಗೆ ಸಾಗಿಸಿದನಂತೆ. ಮೇಯಲು ಹೋಗಿದ್ದ ಜೇನೆಲ್ಲ ಸಂಜೆ ಹಳೆಯ ಕಲ್ಲಿಗೇ ಬಂದು ಸುತ್ತಿ ಸುತ್ತಿ ಕೂತವು. ಬೆಳಗ್ಗೆ ನೋಡಿದರೆ ಕಲ್ಲಿನ ಮೇಲೆ ಒಂದು ಬೊಗಸೆ ಸತ್ತ ಹುಳ.

"ನೆರಳು ಕೊಟ್ಟೆ ಬುದ್ಧಿ. ಕೊಟ್ಟಿದ್ದೇ ತಪ್ಪಾಯ್ತಾ?"

"ಇನ್ನೂ ಬರ್ತಾ ಇದಾವಾ?"

"ಬತ್ತಾ ಅವೆ."

"ಹೋಗಿ ಆ ಕಲ್ಲಿನ ಮೇಲೆ ನೀನು ಕೂತ್ಕೊ. ಕತ್ತಲಾಗೋವರೆಗೂ ಏಳಬೇಡ."

ಮುದ್ದಯ್ಯನಿಗೆ ಸಿಟ್ಟು ಬಂತು. ಔಷಧಿ ಕೇಳಿದರೆ ಬಿಸಿಲಲ್ಲಿ ಕೂರಲು ಹೇಳುತ್ತಾರಲ್ಲ ಎಂದು ಗೊಣಗುತ್ತಲೇ ಹೋಗಿ ಕೂತ. ಹೊತ್ತು ಇಳಿದಂತೆ ಜೇನು ಒಂದೊಂದಾಗಿ ಬಂದವು. ಕಾಲಲ್ಲಿ ಹಳದಿ ಪರಾಗ ಮೆತ್ತಿಕೊಂಡು ಬಂದವು. ಇಳಿಯಲು ಬಾಗಿಲು ಕಾಣದೆ ಅವನ ತೋಳು, ಕುತ್ತಿಗೆ, ತಲೆಯ ಮೇಲೆ ಕೂತವು. ಒಂದೂ ಕುಟುಕಲಿಲ್ಲ. ತಂಗಾಳಿ ಬೀಸತೊಡಗಿದಾಗ ಅವನ ಹೆಗಲ ಮೇಲಿನ ವಸ್ತ್ರದೊಳಗೆ ತೂರಿ ಒತ್ತಾಗಿ ಸೇರಿಕೊಂಡವು.

ಆಗ ಅವನಿಗೆ ಅಳು ಬಂತು. ಇವಕ್ಕೆ ಬೇಕಾದದ್ದು ನೆರಳಲ್ಲ, ಈ ಹೊತ್ತಿನಲ್ಲಿ ಒಳಗೆ ಹೋಗಲು ಒಂದು ಜಾಗ ಎಂದು ಹೊಳೆಯಿತು. ಮೆಲ್ಲಗೆ ಎದ್ದು ಖಾಲಿ ಪೆಟ್ಟಿಗೆಯೊಂದನ್ನು ತಂದು ಕಲ್ಲಿನ ಮೇಲಿಟ್ಟ. ಒಳಗೆ ಜೇನು ಕಟ್ಟಿದ ಹಳೆಯ ಮೇಣದ ಎರಿಯ ತುಂಡೊಂದನ್ನು ಇಟ್ಟ. ಜೇನು ಸಾಲುಗಟ್ಟಿ ಒಳಗೆ ಹೋದವು. ಕತ್ತಲಾದ ಮೇಲೆ ಆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಹುಣಸೆಯ ಬುಡದಲ್ಲಿ ಮನೆ ಸೇರಿಸಿದ.

ಮಾರನೆಯ ದಿನ ಮಠಕ್ಕೆ ಬಂದು ಎಲ್ಲವನ್ನೂ ಹೇಳಿದ. ಬುದ್ಧಿ ಅಂಗಳ ಗುಡಿಸುತ್ತಿದ್ದವರು ಹೂಂ ಎಂದು ಪೊರಕೆಯನ್ನು ಅವನ ಕೈಗೆ ಕೊಟ್ಟರು. ಅಂದಿನಿಂದ ಅವನು ಶಿಷ್ಯನಾದ.

ಆಮೇಲೆ ಮುದ್ದಯ್ಯನಿಗೆ ಬೆಟ್ಟದಾಚೆಯ ಊರಿನ ಸಣ್ಣಮ್ಮನ ಜೊತೆ ಮದುವೆಯಾಯಿತು. ಒಂದು ಪೆಟ್ಟಿಗೆ ಹಿತ್ತಿಲು ತುಂಬ ಪೆಟ್ಟಿಗೆಗಳಾದವು. ಮಗಳು ಹುಟ್ಟಿದಳು, ಮಹದೇವಿ ಎಂದು ಹೆಸರಿಟ್ಟರು. ಮಗ ಹುಟ್ಟಿದ, ದೊರೆ ಎಂದು ಕರೆದರು. ಮುದ್ದಯ್ಯ ಹೊಗೆ ಹಾಕಿ ಜೇನು ಬಿಚ್ಚುತ್ತಿದ್ದರೆ ಸಣ್ಣಮ್ಮ ಪೆಟ್ಟಿಗೆಯ ಸಂದುಗಳಿಗೆ ಸಗಣಿ ಮೆತ್ತುತ್ತಿದ್ದಳು. ಮಠದ ಬಾಗಿಲಲ್ಲಿ ನಿಂತು ಬುದ್ಧಿಯವರ ಮುಂದೆಯೇ ದೂರು ಹೇಳುವುದು ಅವಳ ಅಭ್ಯಾಸ.

"ಹುಳ ಕಟ್ಕೊಂಡು ಸಂಸಾರ ಮಾಡೋ ಗಂಡ ಬುದ್ಧಿ. ಮಧ್ಯೆ ನನ್ನ ಯಾಕೆ ಕಟ್ಕೊಂಡ್ರೋ ಕಾಣೆ."

ಹೀಗೆಂದು ಅವಳೇ ನಗುತ್ತಿದ್ದಳು. ಮುದ್ದಯ್ಯನೂ ನಗುತ್ತಿದ್ದ. ನಕ್ಕ ಕಾಲ ಬಹಳ ಉಳಿಯಲಿಲ್ಲ.

ದೊರೆಗೆ ಮೀಸೆ ಚಿಗುರುವ ವಯಸ್ಸಿನಲ್ಲಿ, ಒಂದು ಸಂಜೆ ಮನೆಯ ಹಿಂದಿನ ಕಟ್ಟೆಯಿಂದ ಹೊಳೆಗೆ ಈಜಲು ಇಳಿದ. ಮೇಲೆ ಎಲ್ಲೋ ಮಳೆಯಾಗಿ ನೀರು ಏರಿತ್ತು. ಸಣ್ಣಮ್ಮ ಅಡುಗೆ ಮುಗಿಸಿ, ಹಿತ್ತಿಲ ಒರಳಿನ ಪಕ್ಕ ಕೂತು ಅವನ ದಾರಿ ಕಾಯುತ್ತಲೇ ಇದ್ದಳು. ಅವನು ಸಿಕ್ಕಿದ್ದು ಕೆಳಗಿನ ಊರಿನ ಮಡುವಿನಲ್ಲಿ.

ಅಂದಿನಿಂದ ಸಣ್ಣಮ್ಮ ಸಂಜೆಯಾದರೆ ಅದೇ ಒರಳಿನ ಪಕ್ಕ ಕೂತು ಹೊಳೆ ನೋಡತೊಡಗಿದಳು. ಅಳುತ್ತಿರಲಿಲ್ಲ, ಮಾತೂ ಇಲ್ಲ. ಮುದ್ದಯ್ಯನಿಗೆ ಅದನ್ನು ನೋಡಲಾಗಲಿಲ್ಲ.

ಮನೆಯನ್ನೇ ಬದಲಾಯಿಸುತ್ತೇನೆ ಎಂದು ಅವನು ಬುದ್ಧಿಯವರಿಗೆ ಹೇಳಿದ. ಹಳೆಯ ಮನೆ ಕೆಡವಿ, ಅದರದೇ ತೊಲೆ, ಹೆಂಚು, ಬಾಗಿಲು ಬಳಸಿ ಮೇಲಿನ ದಿಣ್ಣೆಯಲ್ಲಿ ಕಟ್ಟುತ್ತಾನೆ. ಅಲ್ಲಿಂದ ಹೊಳೆ ಕಾಣುವುದಿಲ್ಲ. ಹೊಳೆ ಕಾಣದಿದ್ದರೆ ಅವಳು ಮರೆಯುತ್ತಾಳೆ.

"ಎಷ್ಟು ದೂರ?" ಬುದ್ಧಿ ಕೇಳಿದರು.

"ದೂರ ಏನಿಲ್ಲ. ಕೂಗಳತೆ."

"ಜೇನು?"

"ಜೇನ ಅಷ್ಟು ಹತ್ರಕ್ಕೆ ಒಯ್ಯಕ್ಕಾಗಲ್ಲ ಬುದ್ಧಿ, ಎಲ್ಲಾ ಹಳೇ ಕಲ್ಲಿಗೇ ವಾಪಸ್ ಬತ್ತವೆ. ಗಾಡಿ ಮೇಲೆ ಬೆಟ್ಟದಾಚೆ ಮಾವನ ಊರಿಗೆ ಸಾಗಿಸ್ತೀನಿ. ಅಷ್ಟು ದೂರದಿಂದ ಈ ಕಲ್ಲಿಗೆ ದಾರಿ ಸಿಗಲ್ಲ. ಮಳೆಗಾಲ ಅಲ್ಲೇ ಕಳೀಲಿ. ಆಮೇಲೆ ದಿಣ್ಣೆಗೆ ತರ್ತೀನಿ."

"ಸಣ್ಣಮ್ಮ?"

ಮುದ್ದಯ್ಯನಿಗೆ ಆ ಪ್ರಶ್ನೆ ಏಕೆಂದು ಅರ್ಥವಾಗಲಿಲ್ಲ. ಅವಳೂ ಅದನ್ನೇ ಕೇಳಿದ್ದಳು, ನಾನೂ ಗಾಡಿ ಹತ್ತಲಾ, ಅವ್ವನ ಮನೇಲಿ ಒಂದಷ್ಟು ದಿನ ಇದ್ದು ಬರ್ತೀನಿ ಎಂದು. ಗಾರೆ ಕೆಲಸದವರಿಗೆ ಬೇಯಿಸಿ ಹಾಕುವವರು ಯಾರು ಎಂದು ಅವನು ಬೇಡವೆಂದಿದ್ದ. ಅದನ್ನೇ ಬುದ್ಧಿಯವರಿಗೂ ಹೇಳಿದ.

ಬುದ್ಧಿ ಎದ್ದು ಒಳಗೆ ಹೋದರು.

ಜೇನು ಪೆಟ್ಟಿಗೆಗಳು ಹುಲ್ಲಿನ ಮೆತ್ತೆಯ ಮೇಲೆ, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿಸಿಕೊಂಡು, ಕುಲುಕಾಡದಂತೆ ಬೆಟ್ಟ ದಾಟಿದವು. ಸಣ್ಣಮ್ಮ ಪಾತ್ರೆಯ ಗಂಟನ್ನು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತಿದಳು. ಒರಳು ನೆಲದಲ್ಲಿ ಹೂತಿದ್ದರಿಂದ ಅದನ್ನು ಕೀಳಲಾಗಲಿಲ್ಲ. ಅದು ಅಲ್ಲೇ ಉಳಿಯಿತು.

ಹೊಸ ಮನೆಯಲ್ಲಿ ಬದುಕು ನಡೆಯಿತು. ಮಳೆಗಾಲ ಕಳೆದ ಮೇಲೆ ಜೇನೂ ದಿಣ್ಣೆಗೆ ಬಂದವು. ಮಹದೇವಿಯ ಮದುವೆಯಾಗಿ ಅಳಿಯ ಮನೆಗೇ ಬಂದ. ಮೊಮ್ಮಕ್ಕಳಾದರು, ಅವರೂ ಬೆಳೆದರು. ಸಣ್ಣಮ್ಮ ಅಡುಗೆ ಮಾಡಿದಳು, ಕಳೆ ಕಿತ್ತಳು, ಮೊಮ್ಮಕ್ಕಳ ತಲೆ ಬಾಚಿದಳು. ಜೇನಿನ ಪೆಟ್ಟಿಗೆಗೆ ಸಗಣಿ ಮೆತ್ತುವಾಗ ಮಾತ್ರ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಅವಳು ಮರೆತಳು ಎಂದೇ ಮುದ್ದಯ್ಯ ನಂಬಿದ್ದ. ನಂಬಿದರೆ ನೆಮ್ಮದಿ ಇರುವುದನ್ನು ಯಾರಾದರೂ ನಂಬುತ್ತಾರೆ.

ಅವಳು ನಿಜಕ್ಕೂ ಮರೆಯತೊಡಗಿದ್ದು ಮುದುಕಿಯಾದ ಮೇಲೆ.

ಮೊದಲು ಉಪ್ಪು ಹಾಕಿದ್ದನ್ನು ಮರೆತಳು. ಮೊಮ್ಮಕ್ಕಳ ಹೆಸರು ಮರೆತಳು. ಅಳಿಯನನ್ನು ಯಾರೋ ಪರಸ್ಥಳದವನೆಂದು ಸೆರಗು ಹೊದ್ದು ಒಳಗೆ ಸರಿದಳು. ಕೊನೆಗೆ ದಿಣ್ಣೆಯ ಮನೆಯನ್ನೇ ಮರೆತಳು. ಸಂಜೆಯಾದರೆ ಎದ್ದು, ಕೋಲೂರಿಕೊಂಡು, ಇಳಿಜಾರು ಇಳಿದು, ಹಳೆಯ ಜಾಗಕ್ಕೆ ಹೋಗಿ ಒರಳಿನ ಪಕ್ಕ ಬರಿ ನೆಲದ ಮೇಲೆ ಕೂರುತ್ತಿದ್ದಳು.

"ಯಾಕೆ ಬಂದೆ?" ಎಂದು ಮುದ್ದಯ್ಯ ಕೇಳಿದರೆ, "ದೊರೆ ಇನ್ನೂ ಬರ್ನಿಲ್ಲ" ಎನ್ನುತ್ತಿದ್ದಳು.

ಅವನು ಸತ್ತ ಎಂದು ಮುದ್ದಯ್ಯ ನಿಜ ಹೇಳಿದ. ಅವಳು ಆಗತಾನೇ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಮಾರನೆಯ ಸಂಜೆ ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ, ಅವಳು ಮತ್ತೆ ಅತ್ತಳು. ಒಂದೇ ಸಾವನ್ನು ಹೆಂಡತಿಗೆ ದಿನಾ ತಿಳಿಸುವ ಕೆಲಸ ಯಾರಿಗೂ ಬೇಡ.

ಅಳಿಯ ಬಾಗಿಲಿಗೆ ಅಗುಳಿ ಹಾಕಿಸಿದ. ಅವಳು ಸಂಜೆಯಿಡೀ ಬಾಗಿಲು ಗುದ್ದಿದಳು. ಅಂಗೈ ಒಡೆದು ರಕ್ತ ಬಂತು. ಮಹದೇವಿ ಅವ್ವನ ಕೈಗೆ ಅರಿಶಿಣ ಹಚ್ಚುತ್ತ, ಇದು ನನ್ನ ಕೈಲಿ ಆಗಲ್ಲ ಅಪ್ಪ, ಏನಾದ್ರೂ ಮಾಡು ಎಂದಳು.

ಮರುದಿನ ಮುದ್ದಯ್ಯ ಮಠಕ್ಕೆ ಹೋದ. ಈಗ ಅವನಿಗೂ ಬೆನ್ನು ಬಾಗಿತ್ತು. ಬುದ್ಧಿಯವರಿಗೆ ಕಣ್ಣು ಮಂಜಾಗಿತ್ತು.

"ಸಣ್ಣಮ್ಮನ ಮನಸ್ಸು ದಾರಿ ತಪ್ಪೋಯ್ತು ಬುದ್ಧಿ. ಅಗುಳಿ ಹಾಕ್ಲಾ, ಬಿಡ್ಲಾ? ಹಾಕಿದ್ರೆ ಕೈ ಒಡ್ಕೊತಾಳೆ, ಬಿಟ್ರೆ ಹೊಳೆಗೆ ಬಿದ್ದಾಳು. ಒಂದು ಮಾತು ಹೇಳಿ."

"ಎಲ್ಲಿಗೆ ಹೋಗ್ತಾಳೆ?"

"ಹಳೇ ಮನೆ ಜಾಗಕ್ಕೆ."

"ದಿಣ್ಣೆಯಿಂದ ಅದು ಎಷ್ಟು ದೂರ?"

"ಕೂಗಳತೆ," ಎಂದ ಮುದ್ದಯ್ಯ. ಜಗಲಿಯ ಕಂಬಕ್ಕೆ ಒರಗಿ ನಿಧಾನವಾಗಿ ಕೂತ. ತನಗೆ ತಾನೇ ಹೇಳಿಕೊಳ್ಳುವವನಂತೆ ಹೇಳಿದ.

"ಹುಳಕ್ಕೆ ಗಾಡಿ ಕಟ್ಟಿಸ್ದೆ. ಅವಳು ಬಾಯಿ ಬಿಟ್ಟು ಕೇಳಿದ್ಲು. ಅವಳಿಗೆ ಕಟ್ಟಿಸ್ನಿಲ್ಲ."

ಅವನು ಅತ್ತ. ಅಳು ನಿಲ್ಲುವವರೆಗೆ ಕಾದು ಬುದ್ಧಿ ಕೇಳಿದರು.

"ಹಳೇ ಕಲ್ಲಿಗೆ ವಾಪಸ್ ಬಂದ ಹುಳಕ್ಕೆ ಏನು ಮಾಡ್ತೀಯ?"

"ಸಂಜೆಗೆ ಖಾಲಿ ಪೆಟ್ಟಿಗೆ ಮಡಗ್ತೀನಿ. ಕತ್ತಲಾದ ಮೇಲೆ ಹೊತ್ಕೊಂಡು ಹೋಗಿ ಮನೆ ಸೇರಿಸ್ತೀನಿ."

"ಮಾರನೆ ದಿನ?"

"ಮತ್ತೆ ಕಲ್ಲಿಗೇ ಬತ್ತವೆ."

"ಆಗ?"

"ಮತ್ತೆ ಮಡಗ್ತೀನಿ."

"ಎಷ್ಟು ದಿನಕ್ಕೆ ಮರೀತಾವೆ?"

ಮುದ್ದಯ್ಯ ತನ್ನ ಅಂಗೈ ನೋಡಿಕೊಂಡ. ಒಂದು ಬದುಕಿನಷ್ಟು ಕಾಲ ಜೇನು ಮುಟ್ಟಿದ ಕೈ ಅದು.

"ಹಳೇವು ಮರೆಯಲ್ಲ ಬುದ್ಧಿ. ಮುಗೀತವೆ."

ಬುದ್ಧಿ ಎದ್ದು ಎಣ್ಣೆಯ ಕುಡಿಕೆ ಕೈಗೆತ್ತಿಕೊಂಡರು.

"ಹೊತ್ತು ಮುಳುಗ್ತಾ ಇದೆ. ಹೊರಡು."

ಅಂದಿನಿಂದ ಬಾಗಿಲಿಗೆ ಅಗುಳಿ ಬೀಳಲಿಲ್ಲ. ಸಂಜೆ ಸಣ್ಣಮ್ಮ ಎದ್ದರೆ ಮುದ್ದಯ್ಯನೂ ಏಳುತ್ತಿದ್ದ. ಅವಳು ಮುಂದೆ, ಅವನು ಕಂಬಳಿ ಹೊತ್ತು ಹಿಂದೆ. ಒರಳಿನ ಪಕ್ಕ ಕಂಬಳಿ ಹಾಸಿ, ಅವಳನ್ನು ಕೂರಿಸಿ, ಹೊಳೆಯ ಕಡೆ ತಾನು ಕೂರುತ್ತಿದ್ದ. ಊರಿನವರು ಈ ವಯಸ್ಸಿನಲ್ಲಿ ಇದೇನು ಸರಸ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರಿಗೇನು ಗೊತ್ತು.

ದೊರೆ ಬಂದ್ನಾ ಎಂದು ಅವಳು ಕೇಳಿದಾಗ ಅವನು ಸತ್ತ ಎನ್ನುವುದನ್ನು ಮುದ್ದಯ್ಯ ಬಿಟ್ಟ. ಅಲ್ಲಿಂದ ಹೊಳೆಯ ತಿರುವಿನಾಚೆ ಮಠ ಕಾಣುತ್ತಿತ್ತು. ಬುದ್ಧಿಯವರು ಹಚ್ಚಿದ ದೀಪ ಕಂಡ ಕೂಡಲೇ ಮುದ್ದಯ್ಯ ಹೆಂಡತಿಯ ಕೈ ಹಿಡಿಯುತ್ತಿದ್ದ.

"ನೋಡು, ಮಠದಲ್ಲಿ ದೀಪ ಹಚ್ಚಿದ್ರು. ಅವನು ಹಸ್ಕೊಂಡು ಬತ್ತಾನೆ. ನಡಿ, ಅನ್ನಕ್ಕಿಡು."

ಇದನ್ನು ಕೇಳಿದರೆ ಅವಳು ಏಳುತ್ತಿದ್ದಳು. ಗಡಿಬಿಡಿಯಿಂದ, ಒಳ್ಳೆ ಯಜಮಾನಿಯ ಹಾಗೆ ಏಳುತ್ತಿದ್ದಳು.

ದಿನಾ ಸುಳ್ಳು ಹೇಳುತ್ತಿದ್ದೇನೆ, ಇದಕ್ಕೆ ಏನು ಪ್ರಾಯಶ್ಚಿತ್ತ ಎಂದು ಮುದ್ದಯ್ಯ ಒಮ್ಮೆ ಬುದ್ಧಿಯವರನ್ನು ಕೇಳಿದ.

"ಖಾಲಿ ಪೆಟ್ಟಿಗೆಯೊಳಗೆ ಎರಿ ತುಂಡು ಯಾಕೆ ಇಡ್ತೀಯ?" ಎಂದರು ಬುದ್ಧಿ.

"ಮನೆ ವಾಸನೆ ಇರ್ಲಿ ಅಂತ."

ಮುದ್ದಯ್ಯ ಮತ್ತೆ ಪ್ರಾಯಶ್ಚಿತ್ತ ಕೇಳಲಿಲ್ಲ.

ಹೊಂಗೆ ಹೂ ಬಿಡುವ ಕಾಲದಲ್ಲಿ ಸಣ್ಣಮ್ಮ ಸತ್ತಳು. ದಿಣ್ಣೆಯ ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ಮಗಳ ತೊಡೆಯ ಮೇಲೆ. ಹೋಗುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದಳು. ಆ ವರ್ಷ ಜೇನು ತುಂಬಿ ತುಳುಕಿತು. ಮುದ್ದಯ್ಯ ಒಂದು ಎರಿಯನ್ನೂ ಬಿಚ್ಚಲಿಲ್ಲ.

ತಿಥಿ ಮುಗಿದ ಸಂಜೆ ಮುದ್ದಯ್ಯ ಕಂಬಳಿ ಹೊತ್ತು ಎದ್ದ. ಎಲ್ಲಿಗಪ್ಪ ಎಂದು ಮಹದೇವಿ ಕೇಳಿದಳು. ಅವನು ಇಳಿಜಾರು ಇಳಿದ. ಒರಳಿನ ಪಕ್ಕ ಕಂಬಳಿ ಹಾಸಿದ. ಅವಳ ಜಾಗ ಬಿಟ್ಟು, ಹೊಳೆಯ ಕಡೆ ಕೂತ.

ಮಠದ ದೀಪ ಹತ್ತಿತು. ಅವನು ಏಳಲಿಲ್ಲ. ಯಾರನ್ನು ಏಳಿಸಲು ಏಳಬೇಕು?

ದಿನಾ ಹೀಗೇ ಆಯಿತು. ಅಳಿಯ ಬಂದು ತೋಳು ಹಿಡಿದು ಎಬ್ಬಿಸಿದರೆ ಬೈದು ಕಳಿಸಿದ. ಅಪ್ಪ ಇಬ್ಬನಿಯಲ್ಲಿ ನೆನೆದು ಕೆಮ್ಮುತ್ತ ಬೆಳಗ್ಗೆ ಮನೆಗೆ ಬರುವುದನ್ನು ಮಹದೇವಿ ನೋಡಿದಳು. ಬಂದವನು ಊಟ ಮುಟ್ಟುತ್ತಿರಲಿಲ್ಲ. ಜೇನು ಪೆಟ್ಟಿಗೆಗಳಿಗೆ ಇರುವೆ ಹತ್ತಿದರೂ ಕೇಳುವವರಿರಲಿಲ್ಲ. ಇನ್ನು ಹೆಚ್ಚು ದಿನ ಇರುವವನಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಮಹದೇವಿ ಮಠಕ್ಕೆ ಹೋಗಿ ಜಗಲಿಯ ಕೆಳಗೆ ನಿಂತಳು. ಅವ್ವನ ಹಿಂದೆಯೇ ಅಪ್ಪನೂ ಹೋಗುತ್ತಿದ್ದಾರೆ, ಯಾರ ಮಾತೂ ಕೇಳುವುದಿಲ್ಲ, ನೀವಾದರೂ ಕರೆಸಿ ಹೇಳಿ ಎಂದು ಬೇಡಿಕೊಂಡಳು.

ಬುದ್ಧಿ ಎಲ್ಲ ಕೇಳಿ, "ಯಾವ ಹೊತ್ತಿಗೆ ಹೋಗಿ ಕೂರ್ತಾನೆ?" ಎಂದರು.

"ದೀಪ ಹಚ್ಚೋ ಹೊತ್ತಿಗೆ ಬುದ್ಧಿ."

ಬುದ್ಧಿ ಹೂಂ ಎಂದರು. ಅಷ್ಟೇ. ಮಹದೇವಿ ಕಣ್ಣೊರೆಸಿಕೊಂಡು ಹಿಂದಿರುಗಿದಳು. ಪಟೇಲರ ತಾಯಿಗೆ ಬರದವರು ನಮ್ಮಪ್ಪನಿಗೆ ಬರುತ್ತಾರೆಯೇ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಆ ಸಂಜೆ ಮುದ್ದಯ್ಯ ಒರಳಿನ ಪಕ್ಕ ಕೂತಿದ್ದ. ಹೊತ್ತು ಮುಳುಗಿತು. ಹೊಳೆಯ ನೀರು ಕಪ್ಪಾಯಿತು. ಅಭ್ಯಾಸದಂತೆ ಮಠದ ಕಡೆ ನೋಡಿದ.

ದೀಪ ಹತ್ತಿರಲಿಲ್ಲ.

ಮತ್ತೆ ನೋಡಿದ. ಮಠ ಇದ್ದ ಕಡೆ ಬರಿ ಕತ್ತಲು. ಬುದ್ಧಿಯವರಿಗೆ ಏನೋ ಆಗಿರಬೇಕು ಎಂದು ನೆಲಕ್ಕೆ ಕೈಯೂರಿದ. ಏಳುವಷ್ಟರಲ್ಲಿ ಹೊಳೆದಂಡೆಯ ದಾರಿಯಲ್ಲಿ ಕೋಲಿನ ಸದ್ದು ಕೇಳಿತು.

ಬುದ್ಧಿ ತಡವರಿಸುತ್ತ ಬಂದರು. ಕೋಲಿನಿಂದ ಒರಳನ್ನು ಮುಟ್ಟಿ ನೋಡಿ, ಅದರ ಈಚೆ ಬದಿಯಲ್ಲಿ ಬರಿ ನೆಲದ ಮೇಲೆ ಕೂತರು.

"ಬುದ್ಧಿ, ಗದ್ದುಗೆ ದೀಪ?"

ಬುದ್ಧಿ ಕೋಲನ್ನು ಪಕ್ಕಕ್ಕಿಟ್ಟರು. ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕೂತರು. ಗಾಳಿ ತಣ್ಣಗಾಯಿತು. ದಿಣ್ಣೆಯ ಮೇಲಿಂದ ಮಹದೇವಿ ಅಪ್ಪಾ ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಪೂರ್ತಿ ಕತ್ತಲಾದ ಮೇಲೆ ಬುದ್ಧಿ ಎದ್ದು ನಿಂತರು.

"ಏಳು ಮುದ್ದಯ್ಯ. ಮಗಳು ಅನ್ನಕ್ಕಿಟ್ಟಿದ್ದಾಳೆ."

ಮುದ್ದಯ್ಯ ಕೂತಲ್ಲೇ ತಲೆಯೆತ್ತಿದ.

"ಇವತ್ತು ಎದ್ರೂ ನಾಳೆ ಮತ್ತೆ ಇಲ್ಲಿಗೇ ಬತ್ತೀನಿ ಬುದ್ಧಿ. ನನ್ನ ಕೈಲಿ ಆಗ್ತಿಲ್ಲ."

ಬುದ್ಧಿ ಕತ್ತಲಲ್ಲಿ ಕೈ ಚಾಚಿದರು.

"ನಾಳೇನೂ ಬಾ. ನಾನೂ ಬರ್ತೀನಿ."